ಅಕ್ಕನಿಗೊಂದು ಫೋನು

ರಿಪೇರಿಯಣ್ಣ ಎಂದರೆ ಆ ಬೀದಿಗೆಲ್ಲ ಗೊತ್ತು. ಸುಟ್ಟುಹೋದ ಪಂಪಿನ ಮೋಟಾರಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು. ಹಾಗೆಂದು ಅಷ್ಟಕ್ಕೇ ನಿಂತವನಲ್ಲ. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮುಳ್ಳು ಅಲ್ಲಾಡದ ತಕ್ಕಡಿ, ಹೀಗೆ ಅವನ ಮರದ ಮೇಜಿನ ಮೇಲೆ ಬಂದು ಮಲಗದ ಯಂತ್ರವೇ ಇರಲಿಲ್ಲ. ಮನುಷ್ಯ ಮಾಡಿದ್ದನ್ನು ಮನುಷ್ಯ ಬಿಚ್ಚಬಹುದು ಎಂಬುದು ಅವನ ಸಿದ್ಧಾಂತ. ಬಿಚ್ಚಿದ್ದೆಲ್ಲ ಮತ್ತೆ ಒಂದಾಗಿದೆಯೇ ಎಂದು ಮಾತ್ರ ಕೇಳಬೇಡಿ ಎಂದು ಅವನ ಹೆಂಡತಿ ಗಿರಾಕಿಗಳೆದುರಿಗೇ ಹೇಳುತ್ತಿದ್ದಳು.

ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಇದ್ದವರು ಮೂವರು: ಅವನು, ಹೆಂಡತಿ, ಅವನಿಗಿಂತ ಆರು ವರ್ಷಕ್ಕೆ ದೊಡ್ಡವಳಾದ ಅಕ್ಕ. ಅಕ್ಕನಿಗೆ ನಾಲ್ಕನೆಯ ವಯಸ್ಸಿನಲ್ಲಿ ಬಂದ ಜ್ವರ ಹೋಗುವಾಗ ಎರಡು ಕಿವಿಗಳನ್ನೂ ಕಟ್ಟಿಕೊಂಡೇ ಹೋಯಿತು. ಆಗಷ್ಟೇ ಮಾತಿಗೆ ಹದವಾಗುತ್ತಿದ್ದ ನಾಲಿಗೆ ಅಲ್ಲಿಗೇ ನಿಂತಿತು. ದೂರದ ಊರಿನ ಕಿವುಡು ಮಕ್ಕಳ ಶಾಲೆಯಲ್ಲಿ, ಅದರ ಹಾಸ್ಟೆಲಿನಲ್ಲಿ ಹನ್ನೆರಡು ವರ್ಷ ಇದ್ದು ಓದು ಮುಗಿಸಿ ಬಂದು, ಮುದ್ರಣಾಲಯವೊಂದಕ್ಕೆ ಸೇರಿದವಳು ಇವತ್ತಿಗೂ ಅಲ್ಲೇ ಇದ್ದಾಳೆ. ಮೊದಲು ಅಚ್ಚುಮೊಳೆ ಜೋಡಿಸುತ್ತಿದ್ದಳು. ಕಂಪ್ಯೂಟರ್ ಬಂದು ಮೊಳೆಗಳೆಲ್ಲ ಗುಜರಿಗೆ ಹೋದ ಮೇಲೆ ಕರಡು ತಿದ್ದತೊಡಗಿದಳು. ಯಂತ್ರಗಳ ಗದ್ದಲದಲ್ಲಿ ಮಿಕ್ಕವರಿಗೆ ತಲೆನೋವು ಬಂದರೆ ಇವಳು ಮಾತ್ರ ತಣ್ಣಗೆ ಕೂತು ಕೆಲಸ ಮಾಡುವಳು. ಅವಳ ಕಣ್ಣು ತಪ್ಪಿಸಿ ಒಂದು ಕೊಂಬು, ಒಂದು ದೀರ್ಘ ದಾಟಿ ಹೋದದ್ದಿಲ್ಲ. ಕನ್ನಡವೋ ಇಂಗ್ಲಿಷೋ, ಅಕ್ಷರ ಯಾವುದಾದರೂ ಸರಿ, ತಪ್ಪು ಅವಳನ್ನು ಕಂಡರೆ ತಾನೇ ಎದ್ದು ನಿಲ್ಲುತ್ತದೆ ಎಂದು ಮುದ್ರಣಾಲಯದ ಯಜಮಾನ ಹೇಳುತ್ತಿದ್ದ.

ಹೊರಗಿನ ಲೋಕದಲ್ಲಿ ಅಕ್ಕನ ಕಿವಿ, ಬಾಯಿ ಎರಡೂ ರಿಪೇರಿಯಣ್ಣನೇ. ಡಾಕ್ಟರ ಹತ್ತಿರ, ಬ್ಯಾಂಕಿನಲ್ಲಿ, ರೈಲು ನಿಲ್ದಾಣದಲ್ಲಿ ಅವಳು ಕೈಯಾಡಿಸಿ ಹೇಳಿದ್ದನ್ನು ಇವನು ಬಾಯಿಬಿಟ್ಟು ಹೇಳುವನು. ಈ ಕೈಮಾತು ಬಾಲ್ಯದಲ್ಲಿ ಇಬ್ಬರೂ ಸೇರಿ ಕಟ್ಟಿಕೊಂಡದ್ದು. ಅಕ್ಕನ ಮನಸ್ಸು ತನಗೆ ಅಂಗೈ ನೆಲ್ಲಿಕಾಯಿ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಅಕ್ಕ ಮಿತಭಾಷಿ, ಎರಡು ಮಾತಿನಲ್ಲಿ ಮುಗಿಸುತ್ತಾಳೆ ಎಂದು ಎಲ್ಲರ ಬಳಿಯೂ ಹೇಳುತ್ತಿದ್ದ.

ಒಂದು ಬುಧವಾರ ಮಧ್ಯಾಹ್ನ ಅಕ್ಕ ಕೆಲಸದಿಂದ ಬೇಗ ಬಂದವಳೇ ನೇರವಾಗಿ ಅಂಗಡಿಯೊಳಕ್ಕೆ ಬಂದಳು. ಅವನು ಕೆಲಸದಲ್ಲಿದ್ದಾಗ ಹಾಗೆ ಬರುವವಳಲ್ಲ. ಅರ್ಧ ಸುತ್ತಿದ ಮೋಟಾರಿನ ಮೇಲೆ ಒಂದು ಕಾಗದ ಇಟ್ಟು, ಓದು ಎಂದು ಬೆರಳಿನಿಂದ ತಟ್ಟಿದಳು. ಕಾಗದ ಗುಬ್ಬಿಯದು. ಗುಬ್ಬಿ ಎಂದರೆ ಹಾಸ್ಟೆಲಿನಲ್ಲಿ ಅಕ್ಕನ ಪಕ್ಕದ ಮಂಚದವಳು, ಜೀವದ ಗೆಳತಿ. ಮದುವೆಯಾಗಿ ಎರಡು ಹಗಲು ರೈಲಿನಷ್ಟು ದೂರ ಹೋದವಳು. ಇಬ್ಬರೂ ಮುಖ ನೋಡಿ ಹತ್ತೊಂಬತ್ತು ವರ್ಷ ಕಳೆದಿದ್ದರೂ ತಿಂಗಳಿಗೊಂದು ಕಾಗದ ತಪ್ಪಿರಲಿಲ್ಲ.

ಗುಬ್ಬಿ ಬರೆದಿದ್ದಳು: ಮಗಳು ನನಗೆ ಫೋನು ಕೊಡಿಸಿದ್ದಾಳೆ. ಅದರಲ್ಲಿ ಮುಖ ಕಾಣುತ್ತದೆ, ಕೈ ಕಾಣುತ್ತದೆ, ಕೂತಲ್ಲಿಂದಲೇ ಕೈಮಾತು ಆಡಬಹುದು. ನೀನೂ ಒಂದು ತೆಗೆದುಕೋ. ಈ ಭಾನುವಾರ ಸಾಯಂಕಾಲ ನಾಲ್ಕು ಗಂಟೆಗೆ ನಿನಗೆ ಫೋನು ಮಾಡುತ್ತೇನೆ. ಇಲ್ಲ ಎಂದು ಬರೆದು ಕಳಿಸಲು ನಿನಗೆ ಸಮಯವೂ ಇಲ್ಲ.

ಕೆಳಗೆ ಅವಳ ನಂಬರು ಇತ್ತು.

ಅಕ್ಕನಿಗೆ ಫೋನು ಎಂದರೆ ಆಗುತ್ತಿರಲಿಲ್ಲ. ಎದುರಿಗೆ ಕೂತು ಮುಖ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಎದ್ದು, ತನಗೆ ಬೆನ್ನು ತಿರುಗಿಸಿ, ಗೋಡೆಯ ಜೊತೆ ಮಾತಾಡುವಂತೆ ಮಾಡುವ ವಸ್ತು ಅದು. ಆ ಅಕ್ಕ ಈಗ ಕಾಗದದ ಮೇಲೆ ಬೆರಳಿಟ್ಟು ನಿಂತಿದ್ದಳು, ಕಣ್ಣು ಮಾತ್ರ ತಮ್ಮನ ಮುಖದ ಮೇಲೆ. ರಿಪೇರಿಯಣ್ಣ ಕೈ ಒರೆಸಿಕೊಂಡು, ಅದೇನು ದೊಡ್ಡ ವಿಷಯ, ನನಗೆ ಬಿಡು ಎಂದು ಎದೆ ತಟ್ಟಿ ತೋರಿಸಿದ. ಅವನು ತನ್ನ ಜೇಬಿನಲ್ಲಿ ಇಟ್ಟುಕೊಂಡಿದ್ದದ್ದು ಗುಂಡಿ ಒತ್ತುವ ಹಳೆಯ ಫೋನು ಎಂಬುದು ಆ ಕ್ಷಣಕ್ಕೆ ಅವನಿಗೆ ನೆನಪಾಗಲಿಲ್ಲ.

ಶನಿವಾರ ಸಾಯಂಕಾಲ ಇಬ್ಬರೂ ಹೋಗಿ ಫೋನು ತಂದರು. ಅಂಗಡಿಯವನು ಹೊಸ ಸಿಮ್ ಹಾಕಿ, ವೀಡಿಯೋ ಕರೆಗೆ ಬೇಕಾದ ಆಪ್ ಇಳಿಸಿ, ಗುಬ್ಬಿಯ ನಂಬರು ಸೇರಿಸಿ, ಅವಳಿಗೊಂದು ನಮಸ್ಕಾರವನ್ನೂ ಕಳಿಸಿಕೊಟ್ಟ. ಕಳಿಸಿದ ಮರುಗಳಿಗೆಯೇ ಗುಬ್ಬಿಯಿಂದ ಒಂದು ಹಳದಿ ನಗುಮುಖ ಬಂದು ಕೂತಿತು. ಅಕ್ಕ ದಾರಿಯುದ್ದಕ್ಕೂ ಆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು.

ಮನೆಗೆ ಬಂದು ನೋಡಿದರೆ ಇಂಟರ್‌ನೆಟ್ ಇಲ್ಲ. ಪರದೆಯ ಮೇಲೆ ಸಂಪರ್ಕ ಇಲ್ಲ ಎಂಬ ಒಂದೇ ಸಾಲು.

ಭಾನುವಾರ ಬೆಳಿಗ್ಗೆ ರಿಪೇರಿಯಣ್ಣ ತೋಳೇರಿಸಿದ. ಫೋನನ್ನು ಆರಿಸಿ ಹಚ್ಚಿದ. ಸಿಮ್ ತೆಗೆದು ಊದಿದ, ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿದ. ಮಹಡಿ ಹತ್ತಿ ಆಕಾಶಕ್ಕೆ ಹಿಡಿದ. ಸಿಗ್ನಲಿನ ಗೆರೆಗಳು ತುಂಬಿ ನಿಂತಿದ್ದವು. ಹೆಂಡತಿ ಅವನ ಹಳೆಯ ಫೋನಿನಿಂದ ಕರೆ ಮಾಡಿದರೆ ಗಂಟೆಯೂ ಹೊಡೆಯಿತು. ನೆಟ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅಂಗಡಿಯಲ್ಲಿ ಬಂದದ್ದು ಮನೆಯಲ್ಲಿ ಬರುವುದಿಲ್ಲ ಎಂದರೆ ದಾರಿಯಲ್ಲಿ ಒಳಗಿನ ಯಾವುದೋ ತಂತಿ ಸಡಿಲವಾಗಿರಬೇಕು ಎಂದು ತೀರ್ಮಾನಿಸಿ ಸಣ್ಣ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ಹೆಂಡತಿ ಅದನ್ನು ಕಿತ್ತುಕೊಂಡು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು.

ಫೋನಿನ ಅಂಗಡಿಗೆ ಹೋಗೋಣವೆಂದರೆ ಭಾನುವಾರ, ಬಾಗಿಲು ಹಾಕಿತ್ತು. ಸಿಮ್ಮಿನ ಕಂಪನಿಗೇ ಫೋನು ಮಾಡಿ ಕೇಳಿ ಎಂದು ಹೆಂಡತಿ ಒಂದಲ್ಲ ನಾಲ್ಕು ಸಲ ಹೇಳಿದಳು. ಊರಿಗೆಲ್ಲ ರಿಪೇರಿ ಮಾಡುವವನು ಇನ್ನೊಬ್ಬರ ಹತ್ತಿರ ರಿಪೇರಿ ಹೇಳಿಸಿಕೊಳ್ಳಬೇಕೇ ಎಂದು ಅವನು ಬಿಗುಮಾನದಲ್ಲೇ ಮಧ್ಯಾಹ್ನ ಮಾಡಿದ. ಅಷ್ಟರಲ್ಲಿ ಅಕ್ಕ ಸ್ನಾನ ಮಾಡಿ, ತಲೆ ಬಾಚಿ, ಹೊಸ ಬಟ್ಟೆಯ ಮಡಿಕೆ ಬಿಚ್ಚಿ ಉಟ್ಟುಕೊಂಡು, ಕೈಗಳ ಮೇಲೆ ಬೆಳಕು ಬೀಳುವಂತೆ ಕಿಟಕಿಯ ಎದುರಿಗೆ ಕುರ್ಚಿ ಎಳೆದು ಹಾಕುತ್ತಿದ್ದಳು. ಅದನ್ನು ನೋಡಿದ ಮೇಲೆ ಅವನ ಬಿಗುಮಾನ ಇಳಿಯಿತು. ಹೆಂಡತಿ ನಂಬರು ಒತ್ತಿ ಹಳೆಯ ಫೋನನ್ನು ಅವನ ಕಿವಿಗೆ ಹಿಡಿದಳು.

ಒಂದನ್ನು ಒತ್ತಿ, ಮೂರನ್ನು ಒತ್ತಿ, ಕಾಯಿರಿ ಎಂದು ಯಂತ್ರ ಹೇಳಿದ್ದನ್ನೆಲ್ಲ ಮಾಡಿದ ಮೇಲೆ ಕೊನೆಗೆ ಒಬ್ಬ ಹೆಣ್ಣುಮಗಳ ದನಿ ಬಂತು. ಅವನು ಬೆಳಗಿನಿಂದ ನಡೆದದ್ದನ್ನೆಲ್ಲ ಪುರಾಣದಂತೆ ಒಪ್ಪಿಸಿದ. ಆಕೆ ತಾಳ್ಮೆಯಿಂದ ಕೇಳಿಸಿಕೊಂಡಳು.

"ಅಂಗಡಿಯಲ್ಲಿ ಬಂತು ಅಂದ್ರಲ್ಲ ಸರ್, ಅದು ಅಂಗಡಿಯವರ ವೈಫೈ ಇರಬೇಕು. ನಿಮ್ಮ ಸಿಮ್ಮಿನ ನೆಟ್ ಇನ್ನೂ ಶುರುವೇ ಆಗಿಲ್ಲ."

"ಅಂದ್ರೆ ನಿನ್ನೆ ಕುಡಿದದ್ದು ಪಕ್ಕದ ಮನೆ ನೀರು. ನಮ್ಮ ನಲ್ಲಿ ಇನ್ನೂ ತಿರುಗಿಸೇ ಇಲ್ಲ ಅನ್ನಿ."

"ಹಾಗೇ ಅನ್ಕೊಳ್ಳಿ ಸರ್. ನಲ್ಲಿ ತಿರುಗಿಸೋದು ಹೇಗೆ ಅಂತ ಹೇಳ್ತೀನಿ, ಬರ್ಕೊಳ್ಳಿ."

ಮೊಬೈಲ್ ಡೇಟಾ ಎಂಬ ಗುಂಡಿ ಆನ್ ಆಗಿದೆಯೇ ಎಂದು ಮೊದಲು ಕೇಳಿದಳು. ಆಗಿತ್ತು. ಹಾಗಿದ್ದರೆ ಆಕ್ಸೆಸ್ ಪಾಯಿಂಟ್ ಎಂದು ಒಂದು ಇರುತ್ತದೆ, ಫೋನು ಯಾವ ಬಾಗಿಲಿನಿಂದ ಇಂಟರ್‌ನೆಟ್ಟಿಗೆ ಹೋಗಬೇಕು ಎಂಬ ವಿಳಾಸ ಅದು, ಸಾಮಾನ್ಯವಾಗಿ ತಾನೇ ಬಂದು ಕೂರುತ್ತದೆ, ನಿಮ್ಮದರಲ್ಲಿ ಕೂತಿಲ್ಲ, ನೀವೇ ಬರೆಯಬೇಕು ಎಂದಳು. ಸೆಟ್ಟಿಂಗ್ಸ್, ಅದರೊಳಗೆ ಮೊಬೈಲ್ ನೆಟ್‌ವರ್ಕ್, ಅದರೊಳಗೆ ಆಕ್ಸೆಸ್ ಪಾಯಿಂಟ್, ಅಲ್ಲಿ ಹೊಸದು ಎಂಬುದನ್ನು ಒತ್ತಿ ಇಂಗ್ಲಿಷಿನಲ್ಲಿ ಹೀಗೆ ಬರೆಯಿರಿ ಎಂದು ಒಂದೊಂದೇ ಅಕ್ಷರ ಹೇಳಿದಳು: ಕಂಪನಿಯ ಹೆಸರಿನ ನಾಲ್ಕು ಅಕ್ಷರ, ಡಾಟ್, ಆಮೇಲೆ ನೆಟ್. ಉಳಿಸಿ, ಒಂದು ಸಲ ಫೋನನ್ನು ಆರಿಸಿ ಹಚ್ಚಿ. ಕೈಗೆ ಸಿಕ್ಕಿದ ಗುಬ್ಬಿಯ ಲಕೋಟೆಯ ಹಿಂಬದಿಯಲ್ಲಿ ಅವನು ಅದನ್ನೆಲ್ಲ ಗೀಚಿಕೊಂಡ. ಮತ್ತೇನೋ ಕೇಳಬೇಕೆನ್ನುವಷ್ಟರಲ್ಲಿ ಕರೆ ತುಂಡಾಯಿತು.

ಒಂದರೊಳಗೊಂದು ಪೆಟ್ಟಿಗೆ ತೆರೆದಂತೆ ತೆರೆಯುತ್ತಾ ಹೋಗಿ ಅವನು ಆ ಜಾಗ ಹುಡುಕಿದ. ಮೋಟಾರಿನ ತಂತಿ ಸುತ್ತಿ ದಪ್ಪವಾದ ಬೆರಳು ಒಂದು ಅಕ್ಷರ ಮುಟ್ಟಿದರೆ ಪಕ್ಕದ್ದೂ ಎದ್ದು ಬರುತ್ತಿತ್ತು. ಅಂತೂ ಬರೆದ, ಉಳಿಸಿದ, ಆರಿಸಿ ಹಚ್ಚಿದ. ಬರಲಿಲ್ಲ. ಹೆಂಡತಿ ಕನ್ನಡಕ ಏರಿಸಿಕೊಂಡು ಪರದೆ ನೋಡಿದಳು.

"ಇದೇನ್ರೀ, ಡಾಟ್ ಅಂತ ಅಕ್ಷರದಲ್ಲೇ ಬರೆದಿದೀರಲ್ಲ?"

"ಆಯಮ್ಮ ಡಾಟ್ ಅಂದ್ಲು, ಬರೆದೆ."

"ಡಾಟ್ ಅಂದ್ರೆ ಚುಕ್ಕಿ ಕಣ್ರೀ. ನಾಳೆ ಯಾರಾದ್ರೂ ಕಾಗದದಲ್ಲಿ ರುಜು ಹಾಕಿ ಅಂದ್ರೆ ರುಜು ಅಂತ ಬರೆದು ಬರ್ತೀರಾ?"

ಅವನು ಕೆಮ್ಮಿ, ಅಕ್ಷರಗಳನ್ನು ಅಳಿಸಿ ಚುಕ್ಕಿ ಇಟ್ಟ. ಮುಂದಿನ ಪದಕ್ಕೆ ಎರಡು ಅಕ್ಷರ ಒತ್ತುವಷ್ಟರಲ್ಲಿ ಪೂರ್ತಿ ಪದವನ್ನು ಫೋನೇ ಕೆಳಗೆ ಹಿಡಿದು ತೋರಿಸಿತು. ಪಾಪ, ತನ್ನ ಕಷ್ಟ ಅದಕ್ಕೂ ಅರ್ಥವಾಯಿತು ಎಂದುಕೊಂಡು ಅದನ್ನೇ ಮುಟ್ಟಿದ. ಪದ ತಾನೇ ಹೋಗಿ ಕೂತಿತು. ಉಳಿಸಿದ, ಆರಿಸಿದ, ಹಚ್ಚಿದ.

ಆಗಲೂ ಬರಲಿಲ್ಲ.

ಗಂಟೆ ಮೂರೂವರೆ. ಅವನು ಬರೆದದ್ದನ್ನು ಐದು ಸಲ ಓದಿದ. ಹೆಂಡತಿ ಎರಡು ಸಲ ಓದಿದಳು. ಲಕೋಟೆಯಲ್ಲಿ ಇದ್ದದ್ದೇ ಪರದೆಯಲ್ಲೂ ಇತ್ತು. ಕಂಪನಿಗೆ ಮತ್ತೆ ಫೋನು ಮಾಡಿದರೆ ಕಾಯಿರಿ ಕಾಯಿರಿ ಎಂದು ಯಂತ್ರ ಸಂಗೀತ ನುಡಿಸಿತೇ ಹೊರತು ಮನುಷ್ಯರು ಸಿಗಲಿಲ್ಲ. ನಲವತ್ತು ವರ್ಷ ಯಾವ ಯಂತ್ರಕ್ಕೂ ಸೋಲದವನು ಅಂಗೈಯಗಲದ ಒಂದು ಗಾಜಿನ ತುಂಡಿಗೆ ಸೋತು ಅಕ್ಕನ ಮುಂದೆ ನಿಂತ. ಎರಡು ಮುಷ್ಟಿ ಸೇರಿಸಿ ಮುರಿದಂತೆ ಮಾಡಿ, ಕೆಟ್ಟಿದೆ ಎಂದು ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ.

ಅಕ್ಕ ಬೆಳಗಿನಿಂದ ಫೋನನ್ನು ಮುಟ್ಟಿರಲಿಲ್ಲ. ಯಂತ್ರ ತಮ್ಮನ ಸೀಮೆ ಎಂದು ದೂರವೇ ಇದ್ದಳು. ಈಗ ಕೈ ಚಾಚಿದಳು. ಏನು ಬರೆದೆ, ತೋರಿಸು ಎಂದಳು. ಅವನು ಆ ಜಾಗ ತೆರೆದು ಕೊಟ್ಟ. ಅವಳು ಕನ್ನಡಕ ಒರೆಸಿ ಹಾಕಿಕೊಂಡು, ಮೂಲ ಎಲ್ಲಿ ಎಂದು ಕೇಳಿದಳು. ಮುದ್ರಣಾಲಯದಲ್ಲಿ ಕರಡು ತಂದವರನ್ನು ಕೇಳುವಂತೆಯೇ ಕೇಳಿದಳು. ಲಕೋಟೆ ಕೊಟ್ಟರು. ಅದನ್ನು ತೊಡೆಯ ಮೇಲೆ ಹರವಿ, ಎಡಗೈ ಬೆರಳು ಲಕೋಟೆಯ ಮೇಲೆ, ಕಣ್ಣು ಫೋನಿನ ಮೇಲೆ ಇಟ್ಟು ಅಕ್ಷರದಿಂದ ಅಕ್ಷರಕ್ಕೆ ನಡೆದಳು. ಕೊನೆಯ ಅಕ್ಷರ ಮುಗಿದ ಮೇಲೆ ಅವಳ ಬೆರಳು ನಿಂತಿತು. ಬರೆಯುವ ಜಾಗದಲ್ಲಿ ಮಿಟುಕುತ್ತಾ ನಿಂತಿರುವ ಸಣ್ಣ ಗೆರೆಯನ್ನು ಉಗುರಿನಿಂದ ತೋರಿಸಿದಳು.

ಅಲ್ಲಿ ಏನೂ ಇಲ್ಲ ಎಂದು ಅವನು ಕೈಯಾಡಿಸಿದ.

ಅದೇ, ಎಂದಳು ಅಕ್ಕ. ಏನೂ ಇಲ್ಲದ್ದು ಒಂದು ಇದೆ.

ಅವನಿಗೆ ತಲೆಬುಡ ತಿಳಿಯಲಿಲ್ಲ. ಅಕ್ಕ ಬಿಡಿಸಿ ಹೇಳಿದಳು. ಅಚ್ಚುಮೊಳೆಯ ಕಾಲದಲ್ಲಿ ಪದಕ್ಕೂ ಪದಕ್ಕೂ ನಡುವೆ ಇರುವ ಖಾಲಿ ಜಾಗವೂ ಸೀಸದ ಒಂದು ತುಂಡೇ. ಕೈಯಿಂದ ಎತ್ತಿ ಇಟ್ಟರೆ ಮಾತ್ರ ಜಾಗ ಬೀಳುತ್ತಿತ್ತು, ಸಂಜೆ ತೊಳೆದು ಮತ್ತೆ ಅದರ ಮನೆಗೇ ಹಾಕಬೇಕಿತ್ತು. ಹಾಗಾಗಿ ಅವಳ ಪಾಲಿಗೆ ಖಾಲಿ ಎಂಬುದು ತೂಕವಿರುವ ವಸ್ತು. ಇಲ್ಲಿ ಆ ಮಿಟುಕುವ ಗೆರೆ ಕೊನೆಯ ಅಕ್ಷರಕ್ಕೆ ಅಂಟಿಕೊಂಡು ನಿಲ್ಲಬೇಕಿತ್ತು, ಕೂದಲೆಳೆಯಷ್ಟು ದೂರ ನಿಂತಿದೆ. ಪದವನ್ನು ಫೋನಿನ ಕೈಯಲ್ಲಿ ಬರೆಸಿದೆಯಲ್ಲ, ಅದು ಬರೆದುಕೊಟ್ಟು ಮುಂದಿನ ಪದಕ್ಕೆಂದು ಒಂದು ಖಾಲಿಯನ್ನೂ ಇಟ್ಟು ಹೋಗಿದೆ.

ಅಷ್ಟು ಹೇಳಿ ಅವಳು ಅಳಿಸುವ ಗುಂಡಿಯನ್ನು ಒಂದೇ ಒಂದು ಸಲ ಮುಟ್ಟಿದಳು. ಗೆರೆ ಹಿಂದೆ ಸರಿದು ಅಕ್ಷರಕ್ಕೆ ಅಂಟಿತು. ಉಳಿಸಿದರು, ಆರಿಸಿದರು. ಫೋನು ಮತ್ತೆ ಹತ್ತಿಕೊಳ್ಳಲು ತೆಗೆದುಕೊಂಡ ಒಂದು ನಿಮಿಷ ಮೂವರೂ ಪರದೆಯ ಮೇಲೆ ಬಗ್ಗಿ ನಿಂತರು. ಪರದೆಯ ನೆತ್ತಿಯ ಮೇಲೆ, ಒಂದು ಮೇಲಕ್ಕೆ ಒಂದು ಕೆಳಕ್ಕೆ, ಎರಡು ಪುಟ್ಟ ಬಾಣಗಳು ಮೂಡಿದವು. ಮೂಡಿದ್ದೇ ತಡ ಫೋನು ಅಕ್ಕನ ಕೈಯಲ್ಲಿ ಚಳಿ ಬಂದವರಂತೆ ನಡುಗತೊಡಗಿತು. ಬೆಳಗಿನಿಂದ ಗುಬ್ಬಿ ಕಳಿಸಿದ್ದೆಲ್ಲ ಕಟ್ಟೆಯೊಡೆದು ಬಂತು: ಅವಳ ಮನೆಯ ಬಾಗಿಲು, ಅವಳ ಬೆಕ್ಕು, ಬೆಕ್ಕು ಒಡೆದ ಹೂಕುಂಡ, ಎದ್ದೆಯಾ, ಊಟವಾಯಿತಾ, ಎಲ್ಲಿ ಸತ್ತೆ. ರಿಪೇರಿಯಣ್ಣ ಹೆಂಡತಿಯ ಎರಡೂ ಕೈ ಹಿಡಿದು ಕೋಣೆಯ ನಡುವೆ ಒಂದು ಸುತ್ತು ತಿರುಗಿದ. ವಯಸ್ಸು ನೋಡ್ಕೊಳ್ಳಿ ಎಂದಳು ಹೆಂಡತಿ. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಕರೆ ಬಂತು. ಹಸಿರು ಗುಂಡಿ ಒತ್ತಿದರೆ ಮೊದಲು ಕಂಡದ್ದು ಯಾರದೋ ಮನೆಯ ಮಾಡು, ಆಮೇಲೆ ಒಂದು ಹಣೆ, ಆಮೇಲೆ ಇಡೀ ಮುಖ. ಇಬ್ಬರು ಗೆಳತಿಯರೂ ಒಬ್ಬರನ್ನೊಬ್ಬರು ಕಣ್ತುಂಬ ನೋಡಿಕೊಂಡರು. ಗುಬ್ಬಿ ತನ್ನ ಬೆಳ್ಳಗಿನ ತಲೆ ತೋರಿಸಿ, ಅಕ್ಕನ ತಲೆಯತ್ತ ಬೆರಳು ಮಾಡಿ, ನೀನು ಬಣ್ಣ ಹಚ್ಚಿದ್ದೀಯಾ ಕಳ್ಳಿ ಎಂದಳು. ಅಷ್ಟು ರಿಪೇರಿಯಣ್ಣನಿಗೂ ತಿಳಿಯಿತು. ಆಮೇಲಿನದು ಹಾಸ್ಟೆಲಿನಲ್ಲಿ ಕಲಿತ ಕೈಮಾತು, ಅವನಿಗೆ ತಿಳಿಯಲಿಲ್ಲ.

ಅಕ್ಕ ಒಂದು ಕೈಯಲ್ಲಿ ಫೋನು ಹಿಡಿದಿದ್ದರಿಂದ ಇನ್ನೊಂದು ಕೈಯಲ್ಲಷ್ಟೇ ಮಾತಾಡಬೇಕಿತ್ತು. ಅರ್ಧ ಬಾಯಿ ಮುಚ್ಚಿಕೊಂಡು ಮಾತಾಡಿದ ಹಾಗೆ ಅವಳು ಚಡಪಡಿಸುವುದು ಕಂಡು ಅವನು ಅಂಗಡಿಗೆ ಓಡಿದ. ಕೈಗೆ ಸಿಕ್ಕಿದ ದಪ್ಪ ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಬಾಗಿಸಿ, ಎರಡು ಕಾಲು, ಒಂದು ಒರಗು, ಕೆಳಗೊಂದು ಕೊಕ್ಕೆ ಮಾಡಿ ಎರಡೇ ನಿಮಿಷದಲ್ಲಿ ತಂದು ಕಿಟಕಿಯ ಹಲಗೆಯ ಮೇಲಿಟ್ಟು ಅದಕ್ಕೆ ಫೋನು ಒರಗಿಸಿದ. ಅಕ್ಕನ ಎರಡನೆಯ ಕೈ ಬಿಡುಗಡೆಯಾಯಿತು.

ಆಮೇಲೆ ನೋಡಬೇಕಿತ್ತು. ಅಕ್ಕನ ಕೈ ಓಡುವ ವೇಗಕ್ಕೆ ಅವನ ಕಣ್ಣು ಹಿಂದೆ ಬಿತ್ತು. ಹುಬ್ಬು, ಭುಜ, ತುಟಿ, ಕೆನ್ನೆ ಎಲ್ಲವೂ ಮಾತಾಡುತ್ತಿದ್ದವು. ಕೂತಲ್ಲೇ ಮುದ್ರಣಾಲಯದ ಯಜಮಾನನಾದಳು, ಹೊಟ್ಟೆ ಮುಂದೆ ಮಾಡಿ ಕನ್ನಡಕದ ಮೇಲಿನಿಂದ ನೋಡಿದಳು. ಮರುಕ್ಷಣ ಹಾಸ್ಟೆಲಿನ ಯಾವಳೋ ಮೇಲ್ವಿಚಾರಕಿಯಾಗಿ ಬೀಗದಕೈ ಗೊಂಚಲು ಅಲ್ಲಾಡಿಸಿದಳು. ಅತ್ತ ಗುಬ್ಬಿ ಹೊಟ್ಟೆ ಹಿಡಿದುಕೊಂಡು ಬಗ್ಗಿ ಪರದೆಯಿಂದಲೇ ಮಾಯವಾದಳು. ಇತ್ತ ಅಕ್ಕ ನಕ್ಕಳು. ದನಿ ತೆಗೆದು, ಬಾಯ್ತುಂಬ ನಕ್ಕಳು. ಆ ದನಿಯನ್ನು ಅವಳು ಹೊರಗೆ ಬಿಡುತ್ತಿದ್ದುದೇ ಅಪರೂಪ.

ಎಂದಿನಂತೆ ಅನುವಾದಕ್ಕೆ ಸಿದ್ಧನಾಗಿ ಪಕ್ಕದಲ್ಲಿ ನಿಂತಿದ್ದ ರಿಪೇರಿಯಣ್ಣನನ್ನು ಯಾರೂ ಕೇಳಲಿಲ್ಲ. ಹೆಂಡತಿ ಮೆಲ್ಲಗೆ ಅವನ ಮೊಣಕೈ ತಿವಿದಳು.

"ನಿಮ್ಮಕ್ಕ ಇಷ್ಟೊಂದು ಮಾತಾಡ್ತಾರಾ?"

"ನನಗೂ ಗೊತ್ತಿರ್ಲಿಲ್ಲ ಕಣೆ," ಎಂದ ಅವನು.

ಐವತ್ತು ವರ್ಷ ಅಕ್ಕ ಮಿತಭಾಷಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಮಿತವಾಗಿದ್ದದ್ದು ತನ್ನ ಕೈಮಾತು, ಅಕ್ಕನ ಮಾತಲ್ಲ. ಮಗುವಿನ ಜೊತೆ ಮಾತಾಡುವವರು ಸಣ್ಣ ಸಣ್ಣ ಪದ ಹುಡುಕುವಂತೆ ಅಕ್ಕ ಇಷ್ಟು ವರ್ಷ ತನ್ನ ಜೊತೆ ಮಾತಾಡಿದ್ದಾಳೆ ಎಂದು ಅವನಿಗೆ ಹೊಳೆಯಿತು. ಒಂದು ಗಳಿಗೆ ಎದೆಯಲ್ಲಿ ಏನೋ ಚುಚ್ಚಿತು. ಆದರೆ ಅಕ್ಕ ಮತ್ತೆ ನಕ್ಕಳು, ಆ ನಗುವಿನೆದುರು ಚುಚ್ಚಿದ್ದು ನಿಲ್ಲಲಿಲ್ಲ. ತಿಳಿಯದಿದ್ದರೂ ಅವನೂ ನಗತೊಡಗಿದ.

ಅಷ್ಟರಲ್ಲಿ ಗುಬ್ಬಿ ಪರದೆಯೊಳಗಿನಿಂದ ಅವನನ್ನು ಕಂಡಳು. ಅವನತ್ತ ಬೆರಳು ತೋರಿಸಿ, ಕಿವಿಯ ಪಕ್ಕದಲ್ಲಿ ಎರಡು ಬೆರಳಿಟ್ಟು ಸ್ಕ್ರೂ ತಿರುಗಿಸುವಂತೆ ತಿರುಗಿಸಿದಳು. ಅಕ್ಕನೂ ಹೌದು ಹೌದು ಎಂದು ಅದನ್ನೇ ಮಾಡಿದಳು. ತಾನು ತಲೆಕೆಟ್ಟವನು ಎನ್ನುತ್ತಿದ್ದಾರೋ ಏನೋ ಎಂದು ಅವನು ಗಾಬರಿಯಾದ. ಅಕ್ಕ ಅವನ ಕಡೆ ತಿರುಗಿ ನಿಧಾನವಾಗಿ, ಅವನಿಗೆ ಅರ್ಥವಾಗುವ ಕೈಮಾತಿನಲ್ಲಿ ಹೇಳಿದಳು. ಅದು ನಿನ್ನ ಹೆಸರು. ನಮ್ಮಲ್ಲಿ ಎಲ್ಲರಿಗೂ ಕೈಯಲ್ಲೊಂದು ಹೆಸರು ಇರುತ್ತದೆ. ನಿನಗೆ ಆರು ವರ್ಷ, ನಾನು ರಜೆಗೆ ಬಂದಿದ್ದೆ. ನೀನು ಸ್ಕ್ರೂಡ್ರೈವರ್ ಹಿಡಿದುಕೊಂಡು ಬಂದು ನನ್ನ ಕಿವಿ ತೋರಿಸಿ, ದೊಡ್ಡವನಾದ ಮೇಲೆ ಇದನ್ನ ನಾನೇ ಬಿಚ್ಚಿ ರಿಪೇರಿ ಮಾಡಿಕೊಡುತ್ತೇನೆ ಅಂದಿದ್ದೆ. ನಾನು ಹಾಸ್ಟೆಲಿಗೆ ಹೋಗಿ ಎಲ್ಲರಿಗೂ ಹೇಳಿದೆ. ಅವತ್ತಿನಿಂದ ನಲವತ್ತು ಹುಡುಗಿಯರಿಗೂ ನೀನು ಇದೇ.

ಅವನಿಗೆ ಅದು ಒಂದಿಷ್ಟೂ ನೆನಪಿರಲಿಲ್ಲ. ತನಗೆ ಗೊತ್ತಿಲ್ಲದೆ ಇಷ್ಟು ವರ್ಷ ಎಷ್ಟೋ ಊರುಗಳ ಎಷ್ಟೋ ಕೈಗಳಲ್ಲಿ ತನ್ನದೊಂದು ಹೆಸರು ಓಡಾಡುತ್ತಿತ್ತು ಎಂಬುದು ಅವನಿಗೆ ನಂಬಲಾಗಲಿಲ್ಲ. ಎರಡು ಬೆರಳನ್ನು ಕಿವಿಯ ಪಕ್ಕಕ್ಕೆ ತಂದು ತಾನೂ ಒಮ್ಮೆ ತಿರುಗಿಸಿ ನೋಡಿಕೊಂಡ. ಗುಬ್ಬಿ ಪರದೆಯೊಳಗೆ ಚಪ್ಪಾಳೆ ತಟ್ಟಿದಳು.

ಮುಂದಿನ ಭಾನುವಾರ ಪರದೆಯಲ್ಲಿ ನಾಲ್ಕು ಮುಖಗಳಿದ್ದವು, ಅದರ ಮುಂದಿನ ವಾರ ಒಂಬತ್ತು. ತಿಂಗಳೊಪ್ಪತ್ತಿನಲ್ಲಿ ಊರಿನ ಕಿವುಡರೆಲ್ಲ, ಪುಸ್ತಕಕ್ಕೆ ರಟ್ಟು ಕಟ್ಟುವವನು, ಬಡಗಿ, ಆಸ್ಪತ್ರೆಯ ಬಟ್ಟೆ ಒಗೆಯುವ ಅಕ್ಕತಂಗಿಯರು, ತಮ್ಮ ತಮ್ಮ ಫೋನು ಹಿಡಿದುಕೊಂಡು ಅಂಗಡಿಗೆ ಬರತೊಡಗಿದರು. ರಿಪೇರಿಯಣ್ಣ ಅವರಿಗೆ ನೆಟ್ ಹಾಕಿಕೊಡುತ್ತಿದ್ದ, ಫೋನು ಒರಗಿಸಲು ತಾಮ್ರದ ತಂತಿಯ ಕುರ್ಚಿಯೊಂದನ್ನು ಬಾಗಿಸಿಯೂ ಕೊಡುತ್ತಿದ್ದ. ಅವರ ಜೊತೆ ಮಾತಾಡಲೆಂದು ಸಂಜೆ ಹೊತ್ತು ಅಕ್ಕನ ಹತ್ತಿರ ಅಸಲಿ ಕೈಮಾತು ಕಲಿಯಲು ಕೂತ. ಅಕ್ಕ ಕಟ್ಟುನಿಟ್ಟಿನ ಮೇಷ್ಟ್ರು. ನಿನ್ನ ಕೈ ತೊದಲುತ್ತದೆ ಎಂದು ಬೆರಳ ಮೇಲೆ ಹೊಡೆಯುತ್ತಿದ್ದಳು. ಜೊತೆಗೆ ಕಲಿಯಲು ಕೂತ ಹೆಂಡತಿಯ ಕೈ ಮಾತ್ರ ನೀರು ಕುಡಿದಷ್ಟು ಸಲೀಸಾಗಿ ಹರಿಯಿತು.

ಈಗ ಆ ಮನೆಯಲ್ಲಿ ಊಟ ಮುಗಿಯಲು ಒಂದು ಗಂಟೆ ಬೇಕು. ಮಾತಾಡಬೇಕಾದರೆ ಕೈಯಲ್ಲಿದ್ದ ತುತ್ತು ಕೆಳಗಿಡಬೇಕು, ಇಟ್ಟ ತುತ್ತು ಆರಿಹೋಗುತ್ತದೆ. ಮೊನ್ನೆ ಅತ್ತಿಗೆ ನಾದಿನಿ ಇಬ್ಬರೂ ಕೈ ಬೀಸಿ ಬೀಸಿ ಏನೋ ಹೇಳಿಕೊಂಡು, ಅವನ ಕಡೆ ನೋಡಿ, ಮತ್ತೆ ಹೇಳಿಕೊಂಡು ನಕ್ಕರು. ಮೊದಲರ್ಧ ಅವನಿಗೆ ತಿಳಿಯಿತು: ತನ್ನ ವಿಷಯವೇ. ಕೊನೆಯರ್ಧ ತಪ್ಪಿಹೋಯಿತು. ಏನಂದರು ಎಂದು ಹೆಂಡತಿಯನ್ನು ಕೇಳಿದ.

"ಏನಿಲ್ಲ, ಊಟ ಮಾಡಿ," ಎಂದಳು ಅವಳು. ಅಕ್ಕ ತಲೆ ತಗ್ಗಿಸಿ ತುತ್ತು ಕಲಸುತ್ತಾ ಇನ್ನೂ ನಗುತ್ತಿದ್ದಳು.